ಆಚೆಮನೆಯ ಪಿಣಕ್ಕ

ನಮ್ಮೂರ ಕಡೆ ಇಬ್ಬರ ನಡುವೆ ಸರಿಯಿಲ್ಲ ಎಂದು ಹೇಳಬೇಕಾದರೆ ‘ಅವರಿಗೆ ಮಾತಿಲ್ಲ’ ಎನ್ನುತ್ತಾರೆ. ಅಷ್ಟು ಹೇಳಿದರೆ ಸಾಕು. ಯಾಕೆ, ಯಾವಾಗಿನಿಂದ, ಮೊದಲು ಬಿಟ್ಟದ್ದು ಯಾರು ಎಂಬುದೆಲ್ಲ ಎಲೆಯಡಿಕೆ ಹಾಕಿಕೊಂಡು ಆಮೇಲೆ ಮಾತಾಡುವ ವಿಷಯ. ತುಳುವಿನಲ್ಲೂ ಹಾಗೇ, ‘ಪಾತೆರ ಇಜ್ಜಿ’. ಮದುವೆಗೆ ಹೇಳಿಕೆ ಹೇಳಲು ಪಟ್ಟಿ ಮಾಡುತ್ತಾ ಕೂತಾಗ ‘ಅಲ್ಲಿಗೆ ಹೇಳಿಕೆ ಉಂಟು, ಮಾತಿಲ್ಲ’ ಎಂಬ ಮನೆ ಒಂದಾದರೂ ಸಿಕ್ಕೇ ಸಿಗುತ್ತದೆ. ಆ ಮನೆಯವರು ಮದುವೆಗೆ ಬರುತ್ತಾರೆ. ಲಕೋಟೆ ಕೊಡುತ್ತಾರೆ, ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ, ಎರಡನೆಯ ಸಲ ಪಾಯಸ ಬೇಡ ಎಂದು ಕೈ ಅಡ್ಡ ಹಿಡಿಯುತ್ತಾರೆ, ಹೋಗುತ್ತಾರೆ. ಮಾತು ಮಾತ್ರ ಇಲ್ಲ. ಬೆಂಗಳೂರಿನ ಗೆಳೆಯನೊಬ್ಬನಿಗೆ ಇದನ್ನು ಬಿಡಿಸಿ ಹೇಳಲು ಹೋಗಿ ನನಗೆ ಸಾಕಾಯಿತು. ‘ಅಂದ್ರೆ ಶತ್ರುಗಳಾ?’ ಎಂದ. ಅಲ್ಲ. ‘ಜಗಳ ಆಗಿದ್ಯಾ?’ ಆಗಿರಬಹುದು, ಆದರೆ ಜಗಳ ಅಂದರೆ ಒಂದು ದಿನ ನಡೆದು ಮುಗಿಯುವಂಥದ್ದು. ‘ಮುನಿಸಾ ಹಾಗಾದ್ರೆ?’ ಮುನಿಸು ರಾತ್ರಿ ಊಟದ ಹೊತ್ತಿಗೆ ಕಳೆಯುತ್ತದೆ ಮಾರಾಯ, ಇದು ಇಪ್ಪತ್ತು ವರ್ಷ ಇರುತ್ತದೆ.

ಅವನಿಗೆ ಕೊಡಬೇಕಾದ ಪದ ನನ್ನ ನಾಲಗೆ ತುದಿಯಲ್ಲೇ ಇತ್ತು. ಆದರೆ ಅದು ಮಲಯಾಳದ್ದು. ಪಿಣಕ್ಕಂ. ಕಾಸರಗೋಡಿನಲ್ಲಿ ನಾವು ಕನ್ನಡ ಮಾತಾಡುವಾಗಲೂ ಅದರ ಬಾಲ ಕತ್ತರಿಸಿ ‘ಪಿಣಕ್ಕ’ ಎಂದು ಬಳಸುತ್ತೇವೆ. ‘ಅವರಿಬ್ಬರಿಗೆ ಪಿಣಕ್ಕ’. ಗಂಡ ಹೆಂಡತಿಯ ಕೋಪಕ್ಕೂ ಅದೇ, ಅಣ್ಣ ತಮ್ಮಂದಿರ ಮಾತು ನಿಂತದ್ದಕ್ಕೂ ಅದೇ. ಪಕ್ಷದಲ್ಲಿ ಟಿಕೆಟ್ ಸಿಗದವನ ಮುಖ ಬಿಗಿದರೆ ಮಲಯಾಳ ಪೇಪರಿನವರು ಅದಕ್ಕೂ ಪಿಣಕ್ಕಂ ಎಂದೇ ಬರೆಯುತ್ತಾರೆ. ಗೆಳೆಯನಿಗೆ ಪದ ಕೊಟ್ಟೆ. ‘ಕನ್ನಡದಲ್ಲಿ ಹೇಳೋ’ ಎಂದ. ಅಲ್ಲಿಂದ ಶುರುವಾಯಿತು ನನ್ನ ತಲೆಹರಟೆ. ಇಷ್ಟು ಜಗಳಗಂಟರಾದ ನಮಗೆ ಕನ್ನಡದಲ್ಲಿ ಇದಕ್ಕೊಂದು ಪದ ಇಲ್ಲವಾ?

ಕೊಲೆಗೆ ಕಾರಣ ವೈರಾಗ್ಯ

ಮೊದಲು ನೆನಪಾಗುವುದು ಹಗೆ. ಒಳ್ಳೆಯ ಗಟ್ಟಿ ಪದ. ಹಳಗನ್ನಡದಲ್ಲಿ ಅದು ಪಗೆ. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡದ ಪದಗಳ ಮೊದಲ ‘ಪ’ ಮೆಲ್ಲಗೆ ‘ಹ’ ಆಗುತ್ತಾ ಬಂತಲ್ಲ, ಪಾಲು ಕುಡಿಯುತ್ತಿದ್ದವರು ಹಾಲು ಕುಡಿಯಲು ಶುರುಮಾಡಿದರಲ್ಲ, ಆಗ ಪಗೆಯೂ ಹಗೆಯಾಯಿತು. ಅಕ್ಕಪಕ್ಕದವರು ಯಾರೂ ಬದಲಾಗಲಿಲ್ಲ. ತುಳುವಿನಲ್ಲಿ ಈಗಲೂ ಪಗೆ, ಮಲಯಾಳದಲ್ಲಿ ಪಗ, ತಮಿಳಿನಲ್ಲಿ ಪಗೈ, ತೆಲುಗಿನಲ್ಲಿ ಪಗ. ಕಾಸರಗೋಡಿನಲ್ಲಿ ಬೆಳೆದವರಿಗೆ ಈ ಪ-ಹ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಲಿ, ಪುಲಿ, ಪಿಲಿ ಮೂರೂ ಒಂದೇ ಪ್ರಾಣಿ ಎಂದು ಶಾಲೆಗೆ ಸೇರುವ ಮೊದಲೇ ಗೊತ್ತಿರುತ್ತದೆ.

ಹಗೆಯ ಬೇರು ಯಾವುದು ಎಂಬುದು ಸ್ವಲ್ಪ ಸ್ವಾರಸ್ಯದ ವಿಷಯ. ತಮಿಳು, ಮಲಯಾಳಗಳಲ್ಲಿ ‘ಪಗು’ ಎಂದರೆ ಭಾಗ ಮಾಡು, ಸೀಳು, ಬೇರೆಯಾಗು. ಕಾಸರಗೋಡು ಪೇಟೆಯಲ್ಲಿ ಬಟ್ಟೆ ಅಂಗಡಿಯ ಹೊರಗೆ ‘ಪಗುದಿ ವಿಲ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಅರ್ಧ ಬೆಲೆ ಎಂದು, ಆ ಪಗುದಿ ಇದೇ ಬಳ್ಳಿಯದು. ದ್ರಾವಿಡ ಭಾಷೆಗಳ ಪದಮೂಲ ಹುಡುಕಿದ ಬರೋ ಮತ್ತು ಎಮಿನೊ 1961ರಲ್ಲಿ ತಂದ ನಿಘಂಟು ಪಗೈ, ಪಗ, ಹಗೆಗಳನ್ನು ಈ ಭಾಗ ಮಾಡುವ ಪದದ ಜೊತೆಗೇ ಇಡುತ್ತದೆ. ತಿರುಕ್ಕುರಳಿನ 851ನೆಯ ಕುರಳಿನಲ್ಲಿ ಇನ್ನೊಂದು ಸಾಕ್ಷಿ ಉಂಟು. ವೈಮನಸ್ಸು ಎನ್ನುವುದು ಜೀವಿಗಳ ನಡುವೆ ‘ಪಗಲ್’ ಎಂಬ ಕೆಟ್ಟ ಗುಣವನ್ನು ಹಬ್ಬಿಸುವ ರೋಗ ಎನ್ನುತ್ತದೆ ಅದು. ಆ ಪಗಲ್ ಅಂದರೆ ಒಬ್ಬರಿಗೊಬ್ಬರು ಸೇರದೆ ಇರುವುದು. (ತಮಿಳಿನಲ್ಲಿ ಪಗಲ್ ಎಂದರೆ ನಮ್ಮ ಹಗಲೂ ಹೌದು. ಹಗಲಿಗೂ ಹಗೆಗೂ ನಂಟು ಕಟ್ಟುವ ಆಸೆ ಆಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ.) ಒಟ್ಟಿನಲ್ಲಿ ನಮ್ಮ ಹಿರಿಯರ ಲೆಕ್ಕದಲ್ಲಿ ಹಗೆ ಎಂದರೆ ಪಾಲಾಗುವುದು. ಸೀಳು ಬಿಟ್ಟ ಜಾಗ.

ಸಂಸ್ಕೃತದಿಂದ ಬಂದ ಪದಗಳಲ್ಲಿ ವೈರ ಇದೆ. ಅದು ವೀರನಿಂದ ಹುಟ್ಟಿದ್ದು. ಹಾಗಾಗಿ ವೈರ ಮಾಡಬೇಕಾದರೆ ಕನಿಷ್ಠ ಒಬ್ಬ ವೀರನಾದರೂ ಬೇಕು. ನಮ್ಮ ಕುಟುಂಬದಲ್ಲಿ ಅಂಥವರು ಯಾರೂ ಇರಲಿಲ್ಲ. ದಾಯಾದಿ ಎಂಬುದು ಇನ್ನೂ ಹತ್ತಿರದ ಪದ. ದಾಯ ಎಂದರೆ ಪಿತ್ರಾರ್ಜಿತದ ಪಾಲು, ಅದನ್ನು ಪಡೆಯುವವನು ದಾಯಾದ. ಅದರಲ್ಲಿ ದ್ವೇಷದ ಸುಳಿವೇ ಇಲ್ಲ, ಬರೀ ಹಕ್ಕಿನ ಮಾತು. ಆದರೆ ಕನ್ನಡದಲ್ಲಿ ದಾಯಾದಿ ಎಂದ ಕೂಡಲೇ ಹಿಂದಿನಿಂದ ಮತ್ಸರ ಎಂಬ ಪದ ತಾನಾಗಿ ಬಂದು ನಿಲ್ಲುತ್ತದೆ. ಭಾರತ ಪಾಕಿಸ್ತಾನ ಕ್ರಿಕೆಟ್ ಮ್ಯಾಚು ಇದ್ದ ದಿನ ಪೇಪರು ತೆರೆದರೆ ‘ದಾಯಾದಿಗಳ ಕದನ’ ಇದ್ದೇ ಇರುತ್ತದೆ. ‘ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯೂ ಅದನ್ನೇ ಹೇಳುತ್ತದೆ. ಪಾಲು ಕೇಳುವ ವಯಸ್ಸು ಬಂತು ಎಂದರೆ ಹಗೆಯ ವಯಸ್ಸೂ ಬಂತು ಎಂದು.

ಮಲಯಾಳದವರು ಇಲ್ಲಿ ಒಂದು ತಮಾಷೆ ಮಾಡಿಟ್ಟಿದ್ದಾರೆ. ಅವರ ಪೇಪರಿನಲ್ಲಿ ಇರಿತದ ಸುದ್ದಿ ಬಂದರೆ ‘ಮುನ್‌ವೈರಾಗ್ಯಮಾಣ್ ಕಾರಣಂ’ ಎಂದು ಬರೆದಿರುತ್ತದೆ. ಹಳೆಯ ವೈರಾಗ್ಯವೇ ಕಾರಣ! ಸಣ್ಣವನಿದ್ದಾಗ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿದಾಗ ನನಗೆ ದಿಗಿಲಾಗಿತ್ತು. ಎಲ್ಲ ಬಿಟ್ಟು ಸನ್ಯಾಸಿಯಾಗಬೇಕಾದವನು ಯಾಕೆ ಚೂರಿ ಹಾಕಿದ? ವೈರಾಗ್ಯ ಎಂದರೆ ರಾಗ ಹೋಗುವುದು, ಆಸೆ ಬಿಡುವುದು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮಲಯಾಳದಲ್ಲಿ ಆ ಅರ್ಥವೂ ಇದೆ, ಆದರೆ ದಿನಬಳಕೆಯಲ್ಲಿ ಅದು ವೈರದ ಕೆಲಸಕ್ಕೇ ನಿಂತುಬಿಟ್ಟಿದೆ. ಗಡಿಯಲ್ಲಿ ಬದುಕುವವರಿಗೆ ಇಂಥವು ಬೇಕಾದಷ್ಟು ಸಿಗುತ್ತವೆ. ಆದರೆ ಈ ವೈರಾಗ್ಯವನ್ನು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನೀರು ತಿರುಗಿಸಿದರಾ?

ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತದ್ದು 1980ರ ದಶಕದಲ್ಲಿ, ಮನೆ ಪಾಲಾದ ಮೇಲೆ. ಪಾಲಾಗುವಾಗ ಜಗಳ ಆಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. 1970ರ ಭೂಸುಧಾರಣೆಯಲ್ಲಿ ಗದ್ದೆಗಳು ಗೇಣಿಯವರಿಗೆ ಹೋಗಿ ಉಳಿದದ್ದೇ ತೋಟ, ಗುಡ್ಡೆ, ಮನೆ. ಪೇಟೆಯಿಂದ ಭಾಗಪತ್ರ ಬರೆಯುವವರು ಬಂದು ಚಾವಡಿಯಲ್ಲಿ ಕೂತು ಎ ಷೆಡ್ಯೂಲು, ಬಿ ಷೆಡ್ಯೂಲು ಎಂದು ಎರಡು ಪಟ್ಟಿ ಬರೆದರು. ಚಕ್ಕುಬಂದಿ ಓದಿದರು. ಮೂಡಕ್ಕೆ ತೋಡು, ಪಡುವಕ್ಕೆ ಅಗಳು, ಅಂದರೆ ಗಡಿಗೆ ತೋಡಿದ ಕಂದಕ. ಕಂಚಿನ ಹಂಡೆ ಇಲ್ಲಿಗೆ, ಮರದ ಮಂಚ ಅಲ್ಲಿಗೆ. ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿಗಳನ್ನು ಸಹ ಲೆಕ್ಕ ಮಾಡಿ ಹಂಚಿದರು. ಎರಡು ಕಡೆಯವರೂ ಆಯಿತು ಎಂದರು. ಅಣ್ಣ ತಮ್ಮ ಇಬ್ಬರೂ ಒಂದೇ ಜೀಪಿನಲ್ಲಿ ರಿಜಿಸ್ಟ್ರಿ ಮಾಡಿಸಲು ಹೋಗಿ, ಬರುವಾಗ ಒಂದೇ ಹೋಟೆಲಿನಲ್ಲಿ ಗೋಳಿಬಜೆ ತಿಂದು ಬಂದರು.

ಒಂದನ್ನು ಮಾತ್ರ ಭಾಗ ಮಾಡಲು ಆಗಲಿಲ್ಲ. ಸುರಂಗ. ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗ ಎಂದರೇನು ಎಂದು ಹೇಳಬೇಕಿಲ್ಲ. ಉಳಿದವರಿಗೆ ಒಂದು ಮಾತು: ನಮ್ಮಲ್ಲಿ ನೀರಿಗೆ ಕೆಳಗೆ ಅಗೆಯುವುದಕ್ಕಿಂತ ಗುಡ್ಡೆಯೊಳಗೆ ಅಡ್ಡ ಅಗೆಯುವುದು ಹಳೆಯ ಕ್ರಮ. ಮುರಕಲ್ಲಿನ ಗುಡ್ಡೆಯ ಬದಿಗೆ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗುತ್ತಾರೆ. ಮೇಣದಬತ್ತಿ ಬೆಳಕಿನಲ್ಲಿ, ಗಿಡ್ಡ ಪಿಕ್ಕಾಸಿನಲ್ಲಿ. ಉದ್ದದ ಲೆಕ್ಕ ಕೋಲು ಎಂಬ ಅಳತೆಯಲ್ಲಿ. ನೀರಿನ ಒಸರು ಸಿಕ್ಕಿದರೆ ಅದು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯಲ್ಲಿ ಒಂದು ದಂಬೆಯೋ ಪೈಪೋ ಇಟ್ಟು ಟ್ಯಾಂಕಿಗೆ ಬಿಟ್ಟರೆ ಆಯಿತು. ನಮ್ಮ ಸುರಂಗದ ಬಾಯಿ ದೊಡ್ಡಪ್ಪನ ಪಾಲಿಗೆ ಬಂದ ಗುಡ್ಡೆಯ ಬುಡದಲ್ಲಿತ್ತು. ಒಳಗೆ ಹೋಗುತ್ತಾ ಹೋಗುತ್ತಾ ಅದು ನಮ್ಮ ಪಾಲಿನ ಗುಡ್ಡೆಯ ಅಡಿಗೆ ಬರುತ್ತಿತ್ತು. ಮೇಲಿನ ಮಣ್ಣನ್ನು ಸೆಂಟ್ಸ್ ಲೆಕ್ಕದಲ್ಲಿ ಹಂಚಬಹುದು, ಒಳಗಿನ ಒಸರನ್ನು ಹೇಗೆ ಹಂಚುವುದು? ಭಾಗಪತ್ರದ ಕೊನೆಯಲ್ಲಿ ಒಂದು ಸಾಲು ಬರೆದರು. ಸುರಂಗದ ನೀರಿನಲ್ಲಿ ಉಭಯತ್ರರಿಗೂ ಮಾಮೂಲು ಹಕ್ಕು ಇರತಕ್ಕದ್ದು. ಹತ್ತು ಪುಟದ ಪತ್ರದಲ್ಲಿ ಆ ಒಂದು ಸಾಲಿನಿಂದ ಮಾತು ನಿಂತಿತು.

ಸರದಿ ಇಟ್ಟುಕೊಂಡರು. ಒಂದು ದಿನ ಇಲ್ಲಿಗೆ, ಒಂದು ದಿನ ಅಲ್ಲಿಗೆ. ಸೂರ್ಯ ಮುಳುಗುವಾಗ ಪೈಪು ತಿರುಗಿಸುವುದು. ಮಳೆಗಾಲದಲ್ಲಿ ಸರದಿ ಇದ್ದದ್ದೇ ಯಾರಿಗೂ ನೆನಪಿರುವುದಿಲ್ಲ. ಬೇಸಗೆಯಲ್ಲಿ, ಅಡಿಕೆ ಮರದ ಸೋಗೆ ಬಾಡಲು ಶುರುವಾದಾಗ, ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದೇ ದೊಡ್ಡ ಪ್ರಶ್ನೆ ಆಯಿತು. ನಮ್ಮ ಮನೆ ಗುಡ್ಡೆಯ ಮರೆಯಲ್ಲಿದ್ದದ್ದರಿಂದ ನಮಗೆ ಸೂರ್ಯ ಬೇಗ ಮುಳುಗುತ್ತಿದ್ದ. ದೊಡ್ಡಪ್ಪನ ಮನೆ ಎತ್ತರದಲ್ಲಿದ್ದದ್ದರಿಂದ ಅವರಿಗೆ ತಡವಾಗಿ ಮುಳುಗುತ್ತಿದ್ದ. ನಗಬೇಡಿ. ಆ ವ್ಯತ್ಯಾಸದಲ್ಲಿ ಅರ್ಧ ಟ್ಯಾಂಕು ನೀರು ಹೋಗುತ್ತದೆ.

ಮಾತು ನಿಂತ ಮೇಲೆ ನಮ್ಮ ಮನೆಯ ಭಾಷೆಯೇ ಬದಲಾಯಿತು. ಮೊದಲು ಹೋದದ್ದು ಸಂಬಂಧದ ಹೆಸರು. ಅಪ್ಪನ ಬಾಯಲ್ಲಿ ‘ಅಣ್ಣ’ ಎಂಬುದು ನಿಂತು ‘ಆಚೆಮನೆ’ ಎಂದಾಯಿತು. ಆಚೆಮನೆಯಲ್ಲಿ ದನ ಕರು ಹಾಕಿದೆಯಂತೆ. ಆಚೆಮನೆಯಲ್ಲಿ ಅಡಿಕೆ ಕೊಟ್ಟಾಯಿತಂತೆ. ಆಮೇಲೆ ವಾಕ್ಯದ ಕರ್ತೃವೇ ಮಾಯವಾಯಿತು. ಸಂಜೆ ನನ್ನನ್ನು ಕಳಿಸುವಾಗ ಅಪ್ಪ ಕೇಳುತ್ತಿದ್ದದ್ದು ಇಷ್ಟೇ: ‘ನೀರು ತಿರುಗಿಸಿದರಾ ನೋಡಿಕೊಂಡು ಬಾ.’ ಯಾರು ತಿರುಗಿಸಬೇಕು ಎಂದು ಹೇಳುವಂತಿಲ್ಲ. ಆದರೆ ನೋಡಿ, ‘ತಿರುಗಿಸಿದರಾ’ ಎಂದೇ ಕೇಳಿದ್ದು, ‘ತಿರುಗಿಸಿದನಾ’ ಎಂದು ಅಪ್ಪಿತಪ್ಪಿಯೂ ಬರಲಿಲ್ಲ. ಅಷ್ಟು ವರ್ಷದ ಸಿಟ್ಟಿನಲ್ಲಿ ಅಪ್ಪ ಬಹುವಚನ ಬಿಡಲಿಲ್ಲ. ನಾನು ನೋಡಿದ ನಿಜವಾದ ಹಗೆಗಳಲ್ಲಿ ಮೊದಲು ಬಿದ್ದುಹೋಗುವುದೇ ಬಹುವಚನ.

ದೊಡ್ಡಪ್ಪನ ದಾರಿ ಬೇರೆ. ಅವರು ದನದ ಹತ್ತಿರ ಮಾತಾಡುತ್ತಿದ್ದರು. ಅವರ ಹಟ್ಟಿ ನಮ್ಮ ಅಗಳಿನ ಬದಿಯಲ್ಲೇ. ಅಪ್ಪ ತೋಟದಲ್ಲಿದ್ದಾರೆ ಎಂದು ಗೊತ್ತಾದರೆ ದೊಡ್ಡಪ್ಪ ಹಟ್ಟಿಗೆ ಹೋಗಿ ಗಟ್ಟಿಯಾಗಿ ಶುರು ಮಾಡುವರು. ‘ಗೌರೀ, ನಾಳೆ ಸುರಂಗದ ಬಾಯಿ ಸರಿಮಾಡಲಿಕ್ಕೆ ಜನ ಬರ್ತಾರೆ ಆಯ್ತಾ. ನೀರು ಕೆಂಪಾದೀತು. ಬೇಕಾದವರು ಇವತ್ತೇ ತುಂಬಿಸಿಕೊಳ್ಳಲಿ.’ ಗೌರಿ ಬಾಲ ಬೀಸುತ್ತಿತ್ತು. ಅಪ್ಪ ಮನೆಗೆ ಬಂದು ಅಮ್ಮನಿಗೆ, ‘ಕೊಡಪಾನ ಎಲ್ಲ ತುಂಬಿಸಿಡು’ ಎನ್ನುತ್ತಿದ್ದರು. ಯಾಕೆ ಎಂದು ಅಮ್ಮ ಕೇಳುತ್ತಿರಲಿಲ್ಲ. ಅಪ್ಪನಿಗೆ ಜ್ವರ ಬಂದು ಮಲಗಿದ ವಾರ ಗೌರಿಗೆ ಬಹಳ ಬುದ್ಧಿವಾದ ಸಿಕ್ಕಿತು. ಬಿಸಿನೀರು ಕುಡಿಯಬೇಕು, ಗಾಳಿಗೆ ಕೂರಬಾರದು, ಪೇಟೆಯ ಡಾಕ್ಟ್ರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಅಮ್ಮ ಬಾವಿಕಟ್ಟೆಯಲ್ಲಿ ನಿಂತು ಕೇಳಿಸಿಕೊಂಡು ಬಂದು ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಅಡಿಕೆ ತೆಗೆದುಕೊಳ್ಳಲು ಬರುತ್ತಿದ್ದ ಕಾಕ (ಮಲಯಾಳ ಮಾತಾಡುವ ಮುಸ್ಲಿಂ ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುವುದು) ಎರಡು ಮನೆಗೂ ವ್ಯಾಪಾರಿ. ಸ್ಕೂಟರು ಅಗಳಿನ ಹತ್ತಿರ ನಿಲ್ಲಿಸಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಚಾಲಿ ಅಡಿಕೆ ಕೈಗೆ ತೆಗೆದು ನೋಡುತ್ತಿದ್ದರು. ಒಂದು ಸಲ ಅಪ್ಪ ತೂಕದ ಮಧ್ಯೆ ಏನೋ ಸಿಟ್ಟು ಬಂದು, ಆಚೆಮನೆಯವರಿಗೂ ನಮಗೂ ಇನ್ನು ಹಗೆಯೇ ಸೈ ಎಂದುಬಿಟ್ಟರು. ಕಾಕ ತಕ್ಕಡಿಯ ಕಡೆಯಿಂದ ಕಣ್ಣು ಎತ್ತದೆ ಹೇಳಿದರು: ‘ಹಗೆ ಎಂತದು ಭಟ್ರೇ. ಹಗೆ ಆದ್ರೆ ಅವರ ನೀರು ಕುಡೀತಿದ್ರಾ ನೀವು? ಇದು ಪಿಣಕ್ಕ.’ ಅಪ್ಪ ಮುಂದೆ ಮಾತಾಡಲಿಲ್ಲ. ಅಡಿಕೆಗೆ ಒಂದು ರೂಪಾಯಿ ಕಡಿಮೆ ಹೇಳಿದರೂ ಒಪ್ಪಿಕೊಂಡರು. ಕಾಕ ಬಹಳ ಬುದ್ಧಿವಂತರು.

ಹೆಣೆ, ಹೆಣಗು

ಈ ಪಿಣಕ್ಕಂ ಎಲ್ಲಿಂದ ಬಂತು ಎಂದು ನೋಡಿದರೆ ನಮಗೆ ಬಹಳ ದೂರ ಹೋಗಬೇಕಾಗಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರದ್ದು, ಮ್ಯಾನರ್ ಅವರ ತುಳು ನಿಘಂಟು 1886ರದ್ದು, ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು. ಮೂರೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ನಮ್ಮ ಮೂರು ಭಾಷೆಗಳ ಹಗೆ, ಪಗೆ, ಪಿಣಕ್ಕಗಳೆಲ್ಲ ಒಂದೇ ಅಚ್ಚುಮನೆಯಿಂದ ಹೊರಬಂದವು ಎಂದು ನೆನೆದರೆ ನನಗೆ ಯಾಕೋ ಖುಷಿ. ಮಲಯಾಳದಲ್ಲಿ ಪಿಣಙ್ಙು ಎಂದರೆ ಸಿಕ್ಕಾಗು, ತೊಡರು, ಜಗಳವಾಡು, ಮಾತು ಬಿಡು. ತಮಿಳಿನಲ್ಲಿ ಪಿಣಂಗು, ಅದೇ ಅರ್ಥ. ಇವಕ್ಕೆ ಮೂಲ ಪಿಣೈ, ಒಂದಕ್ಕೊಂದು ಸೇರಿಸಿ ಹೆಣೆ ಎಂದು. ಕನ್ನಡದಲ್ಲಿ ಹಳೆಯದು ಪೆಣೆ, ಈಗಿನದು ಹೆಣೆ. ಚಾಪೆ ಹೆಣೆಯುವುದು, ಜಡೆ ಹೆಣೆಯುವುದು, ಚಪ್ಪರಕ್ಕೆಂದು ನೀರಲ್ಲಿ ನೆನೆಹಾಕಿದ ತೆಂಗಿನ ಮಡಲು ಹೆಣೆಯುವುದು. ಅದೇ ಬೇರಿನಿಂದ ನಮ್ಮ ಹೆಣಗು, ಹೆಣಗಾಟ. (ಪಿಣಂ ಎಂದರೆ ಹೆಣ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಘಂಟಿನಲ್ಲಿ ಅದರ ಮನೆ ಬೇರೆ. ಕೇಳುವವರು ಇದ್ದೇ ಇರುತ್ತೀರಿ, ಅದಕ್ಕೆ ಮೊದಲೇ ಹೇಳಿದೆ.)

ಅಂದರೆ ಪದ ನಮ್ಮಲ್ಲೂ ಇತ್ತು. ಒಂದೇ ಬೇರಿನಿಂದ ಮಲಯಾಳದವರು ಮಾತು ಬಿಡುವುದಕ್ಕೆ ಹೆಸರು ಮಾಡಿಕೊಂಡರು, ನಾವು ಕಷ್ಟಪಡುವುದಕ್ಕೆ ಮಾಡಿಕೊಂಡೆವು. ಸಂಸಾರದಲ್ಲಿ ಹೆಣಗುತ್ತಿದ್ದೇನೆ, ಸಾಲ ತೀರಿಸಲು ಹೆಣಗುತ್ತಿದ್ದೇನೆ ಎನ್ನುತ್ತೇವೆ. ಹಳಗನ್ನಡದ ಪೆಣಗು ಎಂಬುದರಲ್ಲಿ ಇಬ್ಬರು ಒಬ್ಬರಿಗೊಬ್ಬರು ತೆಕ್ಕೆಬಿದ್ದು ಕಾದಾಡುವ ಅರ್ಥವೂ ಇತ್ತು. ಈಗ ಎದುರಿನವನು ಬಿದ್ದುಹೋಗಿ ಒಬ್ಬನೇ ಹೆಣಗುವ ಹಾಗಾಗಿದೆ.

ಈಗ ಎರಡನ್ನೂ ಎದುರುಬದುರು ಇಟ್ಟು ನೋಡಿ. ಹಗೆ ಎನ್ನುವ ಪದ ಸೀಳಿನಿಂದ ಬಂತು. ಪಿಣಕ್ಕ ಎನ್ನುವ ಪದ ಸಿಕ್ಕಿನಿಂದ ಬಂತು. ಒಂದು ಬೇರೆಯಾದದ್ದಕ್ಕೆ, ಇನ್ನೊಂದು ಬೇರೆಯಾಗಲಾರದೆ ಹೋದದ್ದಕ್ಕೆ. ನನಗೆ ಅನಿಸುವುದು, ನಾವು ಹಗೆ ಎಂದು ಕರೆದು ದೊಡ್ಡದು ಮಾಡುವ ಹೆಚ್ಚಿನವು ಎರಡನೆಯ ಜಾತಿಯವು. ನಮ್ಮ ಗಾದೆಗಳು, ನಮ್ಮ ಪೇಪರುಗಳು ಪಾಲಾದದ್ದೇ ಕಾರಣ ಎನ್ನುತ್ತವೆ. ನಾನು ಕಂಡದ್ದು ಬೇರೆ. ಮಂಚ ಪಾಲಾಯಿತು, ಹಂಡೆ ಪಾಲಾಯಿತು, ಭರಣಿಗಳು ಪಾಲಾದವು. ಅವುಗಳ ಬಗ್ಗೆ ಒಂದು ದಿನವೂ ಮಾತು ಬರಲಿಲ್ಲ. ಪಾಲಾಗದೆ ಉಳಿದ ಸುರಂಗವೊಂದೇ ಇಬ್ಬರ ಗಂಟಲಿಗೆ ಅಡ್ಡ ನಿಂತಿತು. ಊರಿನಲ್ಲಿ ಬೇರೆ ಮನೆಗಳನ್ನು ನೆನೆಸಿಕೊಂಡರೂ ಹಾಗೇ ಕಾಣುತ್ತದೆ. ಇಬ್ಬರಿಗೂ ಒಂದೇ ದಾರಿ, ಒಂದೇ ಕಟ್ಟದ ನೀರು, ಒಂದೇ ದೈವದ ಭಂಡಾರ, ಒಬ್ಬಳೇ ವಯಸ್ಸಾದ ತಾಯಿ. ಚೊಕ್ಕವಾಗಿ ಬೇರೆಯಾದವರಿಗೆ ಹಗೆ ಸಾಧಿಸಲು ಪುರುಸೊತ್ತೂ ಇಲ್ಲ, ಅಗತ್ಯವೂ ಇಲ್ಲ.

ಇದೇ ಮಾತನ್ನು ನಾನು ಸ್ವಲ್ಪ ದೊಡ್ಡದು ಮಾಡಿ ನಮ್ಮ ಜಿಲ್ಲೆಗೂ ಹೇಳುತ್ತೇನೆ. ಘಟ್ಟದ ಮೇಲಿನವರು ಸಿಕ್ಕಾಗ ಒಂದು ಪ್ರಶ್ನೆ ಖಾಯಂ: ‘ನಿಮಗೂ ಮಲಯಾಳದವರಿಗೂ ಹಗೆ ಅಲ್ವಾ?’ ಕಾಸರಗೋಡು ಕೇರಳಕ್ಕೆ ಸೇರಿದ 1956ರ ಕಥೆ, ಗಡಿಯ ಬಗೆಗಿನ ಮಹಾಜನ ವರದಿಯ ಕಥೆ ಎಲ್ಲ ಅವರಿಗೂ ಗೊತ್ತಿರುತ್ತದೆ, ನನಗೂ ಗೊತ್ತು, ಮತ್ತೆ ಹೇಳುವುದಿಲ್ಲ. ದೂರು ಇಲ್ಲ ಎಂದಲ್ಲ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಹೊಟ್ಟೆ ಉರಿಯುತ್ತದೆ. ಅದು ನಗುವ ವಿಷಯ ಅಲ್ಲ. ಆದರೆ ಹಗೆಯಾ? ನನ್ನ ಅಡಿಕೆ ಕೊಳ್ಳುವವರು ಕಾಕ. ಮಗಳ ಹೆರಿಗೆಗೆ ಓಡಿಬಂದ ನರ್ಸು ಕಾಞಂಗಾಡಿನವರು. ನಮ್ಮ ಮನೆಯ ದೈವ ಮಾತಾಡುವುದು ತುಳುವಿನಲ್ಲಿ, ಮೈಲಿ ದೂರದ ತೆಯ್ಯಂ ಮಾತಾಡುವುದು ಮಲಯಾಳದಲ್ಲಿ, ಎರಡರ ಎದುರಿಗೂ ನಾವು ಕೈಮುಗಿದು ನಿಲ್ಲುತ್ತೇವೆ. ಗೆರೆ ಎಳೆದವರು ಮೇಲಿನ ಮಣ್ಣಿಗೆ ಎಳೆದರು. ಒಳಗಿನ ಒಸರು ಹಾಗೇ ಉಳಿಯಿತು. ಹಾಗಾಗಿ ನಮ್ಮದು ಪಿಣಕ್ಕ. ಅದು ಬೇಗ ಮುಗಿಯುವಂಥದ್ದಲ್ಲ, ನಾನು ಸಮಾಧಾನ ಹೇಳುತ್ತಿಲ್ಲ. ಪಿಣಕ್ಕ ಹಗೆಗಿಂತ ಹೆಚ್ಚು ಕಾಲ ಬಾಳುತ್ತದೆ.

ಕಾಯಿ, ಹಣ್ಣು

ಮಕ್ಕಳು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಬೆಂಗಳೂರಿನ ಮಕ್ಕಳು ‘ಟೂ’ ಬಿಡುತ್ತಾರೆ. ತಮಿಳು ಮಕ್ಕಳದ್ದು ನನಗೆ ಎಲ್ಲಕ್ಕಿಂತ ಇಷ್ಟ. ಮಾತು ಬಿಡುವುದಕ್ಕೆ ‘ಕಾಯ್’, ರಾಜಿಯಾಗುವುದಕ್ಕೆ ‘ಪಳಂ’. ಕಾಯಿ ಮತ್ತು ಹಣ್ಣು. ಇವತ್ತು ಕಾಯಿ ಇದ್ದದ್ದು ನಾಳೆ ಹಣ್ಣಾಗುತ್ತದೆ ಎಂಬ ಲೆಕ್ಕ ಅದರಲ್ಲೇ ಇದೆ, ನೋಡಿ. ನಮ್ಮ ಪಕ್ಕದ ಮಲಯಾಳದ ಮಕ್ಕಳು ‘ಮಿಂಡೂಲ’ ಎನ್ನುತ್ತಾರೆ, ಮಾತಾಡುವುದಿಲ್ಲ ಎಂದು. ಅದನ್ನು ಹೇಳಲಿಕ್ಕಾದರೂ ಮಾತಾಡಲೇಬೇಕಲ್ಲ! ನನ್ನ ತಂಗಿಯ ಮಗಳು ಇವೆಲ್ಲವನ್ನೂ ಕಲಸಿ ‘ನೀನು ನನ್ನತ್ರ ಪಿಣಕ್ಕ ಮಾಡ್ಬೇಡ’ ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಾಳೆ. ಕನ್ನಡ ನಿಘಂಟು ಮಾಡುವವರು ಪಿಣಕ್ಕವನ್ನು ಒಳಗೆ ಬಿಟ್ಟುಕೊಂಡರೆ ನನ್ನದು ಅಡ್ಡಿಯಿಲ್ಲ. ‘ಹ’ ಮಾಡುವುದು ಮಾತ್ರ ಬೇಡ. ಹೆಣಕ್ಕ ಎಂದರೆ ಯಾರೂ ಮನೆಯೊಳಗೆ ಸೇರಿಸಲಿಕ್ಕಿಲ್ಲ.

ಅಪ್ಪ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ಅವರ ಪಿಣಕ್ಕ ಮುಗಿದದ್ದು ರಾಜಿಯಿಂದ ಅಲ್ಲ, ಬೋರ್‌ವೆಲ್‌ನಿಂದ. ಮೊದಲು ಆಚೆಮನೆಯವರು ಕೊರೆಸಿದರು, ಮುಂದಿನ ವರ್ಷ ನಾವು. ಲಾರಿ ಬಂದು ರಾತ್ರಿಯಿಡೀ ಗುಡ್ಡೆ ನಡುಗಿಸಿ ಹೋಯಿತು. ಸ್ವಿಚ್ಚು ಹಾಕಿದರೆ ನೀರು. ಸಂಜೆ ಯಾರೂ ಸೂರ್ಯನ ಕಡೆ ನೋಡಬೇಕಾಗಿಲ್ಲ. ಗೌರಿಯ ನಂತರದ ದನಗಳ ಹತ್ತಿರ ದೊಡ್ಡಪ್ಪ ಏನೂ ಹೇಳಲಿಲ್ಲ, ಹೇಳಲು ಏನಿತ್ತು? ಒಂದು ದಿನ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮಳೆ ಬಗ್ಗೆ ಎರಡು ಮಾತು ಆಡಿದರಂತೆ. ಅಷ್ಟು ಸಲೀಸಾಗಿ. ಅಪ್ಪ ಮನೆಗೆ ಬಂದು ಅದನ್ನು ಹೇಳಿದಾಗ ಅವರ ದನಿಯಲ್ಲಿ ಸಂತೋಷ ಇರಲಿಲ್ಲ, ಏನನ್ನೋ ಕಳೆದುಕೊಂಡವರ ಹಾಗಿತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಅಮ್ಮ ಸ್ವಲ್ಪ ಬಣ್ಣ ಹಚ್ಚುವವರು, ಆದರೂ ನಾನು ನಂಬುತ್ತೇನೆ. ಆಮೇಲಿನ ವರ್ಷಗಳಲ್ಲಿ ಎರಡು ಮನೆಗಳ ನಡುವೆ ಮಾತಿತ್ತು. ಹಬ್ಬಕ್ಕೆ ಹೋಗಿ ಬಂದೆವು. ದೊಡ್ಡಪ್ಪನ ಮಗನೂ ನಾನೂ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸುತ್ತೇವೆ. ಅವನಿಗೆ ಜ್ವರ ಬಂದರೆ ನನಗೆ ಗೊತ್ತಾಗುವುದಿಲ್ಲ. ನನಗೆ ಬಂದರೆ ಅವನ ದನಕ್ಕೂ ಗೊತ್ತಾಗುವುದಿಲ್ಲ. ಇದಕ್ಕೆ ಏನು ಹೆಸರು? ಅಪ್ಪಂದಿರ ನಡುವೆ ಇದ್ದದ್ದು ಮಲಯಾಳದ ವೈರಾಗ್ಯ ಎಂದಾದರೆ ನಮ್ಮ ನಡುವೆ ಇದ್ದದ್ದು ಕನ್ನಡದ ವೈರಾಗ್ಯ.

ಇದ್ದದ್ದು ಎಂದೆ, ಯಾಕೆಂದರೆ ಈ ಬೇಸಗೆಯಲ್ಲಿ ಸಂಗತಿ ಸ್ವಲ್ಪ ಬದಲಾಗಿದೆ. ಎರಡೂ ಬೋರ್‌ವೆಲ್‌ಗಳು ಏಪ್ರಿಲಿನಲ್ಲಿ ಗಾಳಿ ಬಿಡಲು ಶುರುಮಾಡಿದವು. ಸುರಂಗದ ಬಾಯಿಯಲ್ಲಿ ಮಾತ್ರ ಬೆರಳು ಗಾತ್ರದ ನೀರು ಈಗಲೂ ಇದೆ. ಒಳಗೆ ಒಂದು ಕಡೆ ಮಣ್ಣು ಕುಸಿದು ಅಡ್ಡ ಬಿದ್ದಿದೆ, ಅದನ್ನು ತೆಗೆಸಿದರೆ ಇನ್ನೂ ಜಾಸ್ತಿ ಬಂದೀತು ಎಂದು ಸುರಂಗದ ಕೆಲಸ ಗೊತ್ತಿದ್ದವರು ನೋಡಿ ಹೇಳಿದರು. ಈಗ ಆ ಕೆಲಸ ಮಾಡುವವರು ಸಿಗುವುದೇ ಕಷ್ಟ, ಕೂಲಿಯೂ ಹಾಗೇ. ದೊಡ್ಡಪ್ಪನ ಮಗ ಕಳೆದ ವಾರ ಮೆಸೇಜು ಹಾಕಿದ್ದಾನೆ. ಮಣ್ಣು ತೆಗೆಸುವ ಖರ್ಚು ಅರ್ಧರ್ಧ ಮಾಡುವ, ನೀರೂ ಅರ್ಧರ್ಧ ಎಂದು. ಮೇಲೆ ನೋಡಿದರೆ ನ್ಯಾಯವೇ. ಆದರೆ ಅವರ ತೋಟ ನಮ್ಮದರ ಒಂದೂವರೆ ಪಾಲು ಉಂಟು, ಕುಸಿದದ್ದು ಅವರ ಗುಡ್ಡೆಯ ಅಡಿಯಲ್ಲಿ. ಅರ್ಧರ್ಧ ಹೇಗಾಗುತ್ತದೆ? ನಾನಿನ್ನೂ ಉತ್ತರ ಕೊಟ್ಟಿಲ್ಲ.